ಕ್ಲೋನ್ ಎಂಬ ಬೈಗುಳ

ಅವರ ಬೆರಳುಗಳು ಎಷ್ಟು ದಪ್ಪವೆಂದರೆ ಒಂದು ಕೀ ಒತ್ತಿದರೆ ಎರಡು ಅಕ್ಷರ ಬೀಳುತ್ತಿದ್ದವು. ಹಾಗಾಗಿ ಪೆನ್ಸಿಲ್ಲಿನ ಹಿಂಬದಿಯಿಂದ ಟೈಪ್ ಮಾಡುತ್ತಿದ್ದರು, ಟಕ್ ಟಕ್ ಎಂದು.

ದೋಣಿಮಲೈ ಗಣಿಯಲ್ಲಿ ಫೋರ್‌ಮನ್ ಆಗಿದ್ದು, ನಿವೃತ್ತರಾಗಿ ಹೊಸಪೇಟೆಗೆ ಬಂದಿದ್ದ ನಮ್ಮ ಪಕ್ಕದ ಮನೆಯ ಸಾಹೇಬರು ಹೀಗೆ ಆರು ವರ್ಷ ಕುಟ್ಟಿ ಕುಟ್ಟಿ ಚೆಸ್ ಆಡುವ ಒಂದು ಪ್ರೋಗ್ರಾಂ ಬರೆದಿದ್ದರು. ಅಂಥದ್ದಕ್ಕೆ ಆ ಹವ್ಯಾಸದವರು ‘ಎಂಜಿನ್’ ಎನ್ನುತ್ತಾರೆ. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಸಂಜೆ ಅವರ ಜೊತೆ ಕೂತು ಕೋಡ್ ಬರೆಯಲು ನೆರವಾಗುತ್ತಿದ್ದೆ.

ಅವರ ಇಂಗ್ಲಿಷೇ ಬೇರೆ. ‘ಬುಕ್’ ಎಂದರೆ ಎಂಜಿನ್‌ಗೆ ಬಾಯಿಪಾಠ ಮಾಡಿಸಿಟ್ಟ ಮೊದಲ ನಡೆಗಳು. ‘ಟ್ರೀ’ ಎಂದರೆ ಮುಂದೆ ಆಗಬಹುದಾದ ಆಟಗಳೆಲ್ಲ. ‘ಕಂಟೆಂಪ್ಟ್’ ಎಂದರೆ ಬರೀ ಒಂದು ಅಂಕೆ: ಎದುರಾಳಿಯನ್ನು ಎಷ್ಟು ಹಗುರವಾಗಿ ಕಂಡು ಡ್ರಾ ಬೇಡವೆನ್ನಬೇಕು ಎಂಬುದರ ಅಳತೆ. ಅದನ್ನವರು ಸೊನ್ನೆಯಲ್ಲೇ ಇಟ್ಟಿದ್ದರು. “ಎದುರಿಗೆ ಕುಂತವ್ರನ್ನ ಕೀಳಾಗಿ ನೋಡಬಾರ್ದು ತಂಗಿ, ಮಷಿನ್ ಆದ್ರೂ ಅಷ್ಟ” ಎನ್ನುತ್ತಿದ್ದರು.

‘ಕ್ಲೋನ್’ ಅನ್ನುವಾಗ ಮಾತ್ರ ದನಿ ತಗ್ಗುತ್ತಿತ್ತು. ಇನ್ನೊಬ್ಬರ ಪ್ರೋಗ್ರಾಂ ಕದ್ದು ತನ್ನದೆನ್ನುವುದಕ್ಕೆ ಅವರ ಲೋಕದಲ್ಲಿ ಅದು ಬೈಗುಳ. ಸಿಕ್ಕಿಬಿದ್ದರೆ ಆನ್‌ಲೈನ್ ಟೂರ್ನಿಯ ಪಟ್ಟಿಯಲ್ಲಿ ಹೆಸರಿನ ಮುಂದೆ ಆ ಪದ ಬೀಳುತ್ತಿತ್ತು. ಆ ಪಟ್ಟಿಯಲ್ಲಿ ತಮ್ಮ ಹೆಸರು ಮರ್ಯಾದೆಯಿಂದ ಇರಬೇಕೆಂಬುದೊಂದೇ ಅವರ ಆಸೆ.

ಟೂರ್ನಿ ಹತ್ತಿರ ಬಂದಾಗ ಎಂಜಿನ್ ಗೆದ್ದ ಆಟವನ್ನು ಕೊನೆಯಲ್ಲಿ ಕೈಚೆಲ್ಲತೊಡಗಿತು. ಸರಿಪಡಿಸುವ ಕೆಲಸ ನನ್ನದು. ನನ್ನಿಂದಾಗಲಿಲ್ಲ. ನೆಟ್‌ನಲ್ಲಿ ಸಿಕ್ಕ ಬೇರೆಯವರ ಎಂಜಿನ್‌ನಿಂದ ನಲವತ್ತು ಸಾಲು ಎತ್ತಿ, ಅಲ್ಲಲ್ಲಿ ಹೆಸರು ಬದಲಿಸಿ ಅಂಟಿಸಿದೆ. “ನೀನ ಬರ್ದಿಯೇನು? ಭಾಳ ಚಲೋ ಆತು!” ಎಂದು ಹಿಗ್ಗಿದರು. ಥೂ, ಆಗಲಾದರೂ ಬಾಯಿ ಬಿಡಬಾರದಿತ್ತೇ ನಾನು!

ಟೂರ್ನಿಯ ಮೂರನೆಯ ದಿನ ಸಂಘಟಕರ ಮೇಲ್ ಬಂತು. ಅನುಮಾನವಿದೆ, ಸಂಜೆ ಐದರೊಳಗೆ ಪೂರ್ತಿ ಕೋಡ್ ಕಳಿಸಿ ಎಂದಿತ್ತು. ಸಾಹೇಬರು ನಕ್ಕರು. “ಕಳ್ಸಣ ಬಿಡು. ನಮಗೇನ್ ಹೆದ್ರಿಕಿ?” ಫೈಲ್ ಲಗತ್ತಿಸಿ ಪೆನ್ಸಿಲ್ ಎತ್ತಿದರು. ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು.

“ಸರ್, ಕಳಿಸಬ್ಯಾಡ್ರಿ. ಆಟದ ಕೊನೀ ಭಾಗದ ಕೋಡ್ ನಾ ಬರ್ದದ್ದಲ್ಲ, ಕದ್ದದ್ದು.”

ಪೆನ್ಸಿಲ್ ಹಾಗೇ ನಿಂತಿತು. ಬೈದಿದ್ದರೆ ಬದುಕುತ್ತಿದ್ದೆ. “ಎಷ್ಟು ಸಾಲು?” ಎಂದಷ್ಟೇ ಕೇಳಿದರು. ತೋರಿಸಿದೆ. ಒಂದೊಂದೇ ಓದಿದರು. ಐದಕ್ಕೆ ಎರಡು ನಿಮಿಷವಿರುವಾಗ ಕೋಡ್ ಜೊತೆ ಒಂದು ಸಾಲು ಬರೆದು ಕಳಿಸಿದರು: ಇದರಲ್ಲಿ ನಲವತ್ತು ಸಾಲು ಬೇರೆಯವರದು, ತಪ್ಪು ನನ್ನದು.

“ನಿಮ್ದ್ಯಾಕ್ರೀ ಸರ್? ನನ್ನ ಹೆಸ್ರು ಬರೀರಿ” ಎಂದು ಅತ್ತೆ.

“ಎಂಜಿನ್ ನಂದಲ್ಲೇನು? ನೀ ಪಾಠ ಹೇಳಾಕಿ, ನಿನ್ನ ಹೆಸ್ರು ಕೆಡಬಾರ್ದು. ಸುಮ್ನ ಕುಂದ್ರು.”

ಸುಮ್ಮನೆ ಕೂತೆ. ಅಂಥ ಹೇಡಿ ನಾನು.

ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಕ್ಲೋನ್’ ಎಂದು ಬಿತ್ತು. ಮರುದಿನ ಆ ಸಾಲುಗಳನ್ನು ಅಳಿಸಿ ಹೊಸದಾಗಿ ಬರೆಯಲು ಕೂತರು. ಎಂದಿನಂತೆ ನನ್ನನ್ನೂ ಕರೆದರು. ಆ ಬಗ್ಗೆ ಮತ್ತೆಂದೂ ಒಂದು ಮಾತು ಎತ್ತಲಿಲ್ಲ. ಮುಂದಿನ ಟೂರ್ನಿಗೆ ಮುನ್ನವೇ ಹೃದಯಾಘಾತವಾಗಿ ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಮೂರನೆಯ ದಿನ ಸಂಘಟಕರಿಗೆ ನಿಜ ಬರೆದೆ, ನನ್ನ ಪೂರ್ತಿ ಹೆಸರು ಹಾಕಿ. ಸಾಹೇಬರ ಹೆಸರಿನ ಮುಂದಿದ್ದ ಪದ ತೆಗೆದರು. ಪಟ್ಟಿಗೆ ಹೊಸದಾಗಿ ಸೇರಿದ ನನ್ನ ಹೆಸರಿನ ಮುಂದೆ ಈಗ ಅದಿದೆ. ಯಾರಾದರೂ ಕೇಳಿದರೆ, ಹೌದು, ನಾನೇ ಕದ್ದದ್ದು ಅನ್ನುತ್ತೇನೆ. ಓದಲು ಸಾಹೇಬರು ಇರುವಾಗಲೇ ಆ ಮೇಲ್ ಬರೆಯಲಿಲ್ಲವಲ್ಲ, ಅದೇ ಸಂಕಟ.