ಒಂದು ಗಂಟೆಯ ಬಸ್ಸಿನ ಹನ್ನೊಂದು ನಿಮಿಷ

ನಿನ್ನೆ ಮಧ್ಯಾಹ್ನ, ಕುದ್ರೋಳಿಯಲ್ಲಿ ಬಸ್ಸು ತಿರುಗಿಸುವ ಜಾಗದಲ್ಲಿ, ನಿಂತ ಬಸ್ಸಿನ ಎದುರು ಭಾಗದಲ್ಲಿ ನಾವು ಆರು ಮಂದಿ ಇದ್ದೆವು. ಮಡಿಲಲ್ಲಿ ಹೂವಿನ ಕಟ್ಟು ಇಟ್ಟುಕೊಂಡ ಒಬ್ಬರು ಅಮ್ಮ, ಫೋನಿನಲ್ಲಿ ಮುಳುಗಿದ್ದ ಇಬ್ಬರು ಕಾಲೇಜು ಹುಡುಗಿಯರು, ತೂಕಡಿಸುತ್ತಿದ್ದ ಒಬ್ಬ ಪೈಂಟರ್, ಬೆವರು ಒರೆಸಿಕೊಳ್ಳುತ್ತಿದ್ದ ಡ್ರೈವರ್, ಮತ್ತೆ ನಾನು. ಹಿಂದಿನ ಬಾಗಿಲ ಕಡೆಯಿಂದ ಯಾರೋ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು. ಅದರ ಬೆನ್ನಿಗೇ ಹುರಿದ ಒಣ ಸೀಗಡಿ ಚಟ್ನಿಯ ವಾಸನೆ ಬಂತು.

ನಾನು ತಿರುಗಿ ನೋಡಲಿಲ್ಲ. ನೋಡಿದರೆ ಅಲ್ಲಿ ಅವರು ಇರುವುದಿಲ್ಲ ಎಂದು ಗೊತ್ತಿತ್ತು…

ಕೆಲವು ವರ್ಷಗಳ ಹಿಂದಿನ ಮಾತು, ಆಗ ನನಗೆ ಬಲ್ಮಠದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ. ಮಧ್ಯಾಹ್ನದ ಪಾಳಿಯಾದ್ದರಿಂದ ಒಂದು ಗಂಟೆಗೆ ಕುದ್ರೋಳಿಗೆ ಬಂದು ತಿರುಗುವ ಬಸ್ಸೇ ನನ್ನ ಬಸ್ಸು. ಅದರ ಕಂಡಕ್ಟರರ ಹೆಸರನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಡೀ ಬಸ್ಸಿಗೆ ಅವರು ಕಂಡಕ್ಟರಣ್ಣ. ನಮ್ಮ ಮನೆಮಾತು ಕೊಂಕಣಿ, ಅವರದು ತುಳು, ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ದೋಣಿಯಲ್ಲಿ ಹೊಳೆ ದಾಟಿ ಬರಬೇಕಾದ ಬೆಂಗ್ರೆಯವರು. ಅಪ್ಪ, ಅಣ್ಣಂದಿರು ಎಲ್ಲ ಮೀನು ಹಿಡಿಯಲು ಕಡಲಿಗೆ ಬೋಟಿನಲ್ಲಿ ಹೋಗುವವರು. ಇವರಿಗೆ ಮಾತ್ರ ಬೋಟು ಹತ್ತಿದರೆ ವಾಂತಿಯಂತೆ, ಅದಕ್ಕೇ ಬಸ್ಸು ಹತ್ತಿದ್ದಂತೆ. ತಮ್ಮನ್ನು ನೋಡಿ ತಾವೇ ನಗಬಲ್ಲ ಜನ.

ನಾನು ಮೊದಲು ಕಂಡಾಗ, ಎಷ್ಟೇ ರಶ್ ಇರಲಿ, ಹಿಂದಿನ ಬಾಗಿಲಿನಿಂದ ಎದುರಿನ ತನಕ ಹಾವುಮೀನಿನ ಹಾಗೆ ನುಸುಳಿ ಬರುತ್ತಿದ್ದರು. ನಾಲ್ಕೈದು ವರ್ಷದಲ್ಲಿ ಮೈ ಬಂತು. ಬರುವುದಿಲ್ಲವೆ? ಬೆಳಿಗ್ಗೆ ಮೊದಲ ದೋಣಿ ಹಿಡಿಯುವ ಅವಸರದಲ್ಲಿ ಒಂದು ಚಾ, ಒಂದು ಬನ್ನು. ಮಧ್ಯಾಹ್ನ ಏನೂ ಇಲ್ಲ. ಸಂಜೆ ಎರಡು ಗೋಳಿಬಜೆ, ಮತ್ತೆ ಚಾ. ರಾತ್ರಿ ಮನೆ ಮುಟ್ಟಿದ ಮೇಲೆ ಇಡೀ ದಿನದ ಹಸಿವೆಯನ್ನು ಎದುರಿಗಿಟ್ಟುಕೊಂಡು ಕುಚ್ಚಲಕ್ಕಿ ಅನ್ನದ ಗುಡ್ಡೆ, ಮೀನು ಸಾರು. ಕೈ ತೊಳೆದವರು ಸೀದಾ ಚಾಪೆಗೆ. ನಮ್ಮ ಊರಿನ ಬಸ್ಸುಗಳು ಓಡುವುದು ನಿಮಿಷದ ಲೆಕ್ಕದಲ್ಲಿ. ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸು ಬಂದು ಜನರನ್ನು ಹತ್ತಿಸಿಕೊಂಡು ಹೋಗುತ್ತದೆ. ಆ ನಿಮಿಷಗಳಲ್ಲಿ ಕಂಡಕ್ಟರನ ಹೊಟ್ಟೆಗೆ ಜಾಗ ಇಟ್ಟವರು ಯಾರೂ ಇಲ್ಲ.

ಮಳೆ ಹಿಡಿಯುವ ಸಮಯದಲ್ಲಿ ಒಂದು ದಿನ ಬಸ್ಸಿನ ಯಜಮಾನರ ಕಡೆಯ ಏಜೆಂಟ್ ಬಂದ. ಕಂಡಕ್ಟರಣ್ಣ ಹಿಂದಿನ ಬಾಗಿಲಲ್ಲೇ ನಿಂತು, ಎದುರಿನವರ ದುಡ್ಡು ಕೈಯಿಂದ ಕೈಗೆ ದಾಟಿ ಬರುವುದನ್ನು ಕಾಯುತ್ತಿದ್ದರು. ಎಲ್ಲರಿಗೂ ಕೇಳುವ ಹಾಗೆ ಅವನೆಂದ:

"ಎರಡು ಜನ ನಿಲ್ಲುವ ಜಾಗ ನಿನಗೊಬ್ಬನಿಗೇ ಬೇಕು. ಮಳೆ ಬಿಡುವುದರೊಳಗೆ ಎದುರಿನ ತನಕ ಹೋಗಿ ಟಿಕೆಟ್ ಕೊಡಲಿಕ್ಕೆ ಆಗದಿದ್ರೆ ನಾನು ಬೇರೆ ಜನ ನೋಡ್ತೇನೆ."

ಕಂಡಕ್ಟರಣ್ಣ ನಕ್ಕರು. ಕಿವಿ ಮಾತ್ರ ಕೆಂಪಾಗಿತ್ತು.

ಮರುದಿನದಿಂದ ಅವರು ಆ ಒಂದು ಬನ್ನನ್ನೂ ಬಿಟ್ಟರು. ನನಗೆ ಅದು ದೊಡ್ಡ ಸಾಧನೆ ಎಂದೇ ಕಂಡಿತು. ಏಕೆಂದರೆ ನಾನೂ ಅದೇ ದಾರಿಯವಳು. ಮಧ್ಯಾಹ್ನದ ಊಟ ಬಿಟ್ಟರೆ ಸೊಂಟ ಇಳಿಯುತ್ತದೆ ಎಂದು ನಂಬಿ, ಪ್ರೆಸ್ಸಿನಲ್ಲಿ ಬಿಸ್ಕೆಟ್ ಮುರಿಯುತ್ತ, ರಾತ್ರಿ ಮನೆಯ ಪಾತ್ರೆಯ ತಳ ಕೆರೆಯುತ್ತಿದ್ದವಳು. ಹದಿನೈದನೆಯ ದಿನವೋ ಏನೋ, ಒಂದು ತಿರುವಿನಲ್ಲಿ ಫುಟ್‌ಬೋರ್ಡಿನ ಮೇಲೆ ಅವರ ಕಣ್ಣು ಕತ್ತಲೆಗಟ್ಟಿತು. ಕಂಬಿಯಿಂದ ಕೈ ಜಾರಿತು. ಬೆಲ್ಲದ ವ್ಯಾಪಾರದ ಬ್ಯಾರಿ ಕಾಕ ಒಬ್ಬರು ಅಲ್ಲೇ ನಿಂತಿದ್ದರು. ಅವರು ಬ್ಯಾಗಿನ ಪಟ್ಟಿ ಹಿಡಿದು ಒಳಗೆ ಎಳೆಯದಿದ್ದರೆ… ಬೇಡ, ಅದನ್ನು ಬರೆಯುವುದಿಲ್ಲ.

ಆಮೇಲೆ ಹೆಂಡತಿ ಎಳೆದುಕೊಂಡು ಹೋಗಿ ಡಾಕ್ಟರಮ್ಮನಿಗೆ ತೋರಿಸಿದರು. ಅವರು ಚೆನ್ನಾಗಿ ಬೈದರಂತೆ. ಉಪವಾಸ ಮಾಡಿ ರಾತ್ರಿ ಗುಡ್ಡೆ ಹಾಕಿಕೊಂಡರೆ ಮೈ ಇಳಿಯುವುದು ಹೇಗೆ? ಆ ಗುಡ್ಡೆಯನ್ನು ಒಡೆದು ಹಗಲಿಗೆ ಹಂಚು, ಬೆಳಿಗ್ಗೆ ಹೊಟ್ಟೆ ತುಂಬ, ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಹದವಾಗಿ, ರಾತ್ರಿ ಒಂದೇ ಒಂದು ಬಟ್ಟಲು, ಎಂದರಂತೆ.

ಬೆಳಿಗ್ಗೆಯದು ಕಷ್ಟವಾಗಲಿಲ್ಲ. ಮೀನು ಸಾರಿಗೆ ನಿಜವಾದ ರುಚಿ ಬರುವುದು ಮಣ್ಣಿನ ಪಾತ್ರೆಯಲ್ಲಿ ಒಂದು ರಾತ್ರಿ ಕಳೆದ ಮೇಲೆ ಎಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಅರ್ಧ ಗಂಟೆ ಮೊದಲೇ ಎದ್ದು ನಿನ್ನೆಯ ಸಾರಿನಲ್ಲಿ ಗಂಜಿ ಉಂಡು ದೋಣಿ ಹತ್ತತೊಡಗಿದರು. ರಾತ್ರಿಯದರಲ್ಲಿ ಸ್ವಲ್ಪ ಗಲಾಟೆಯಾಯಿತು. ಒಂದು ಬಟ್ಟಲಿಗೆ ಕೈ ತೊಳೆಯುವ ಗಂಡನಿಗೆ ಹೊರಗೆ ಎಲ್ಲೋ ಊಟದ ಮನೆ ಉಂಟು ಎಂದು ಹೆಂಡತಿಗೆ ಎಂಟು ದಿನ ಸಂಶಯ. ಇದನ್ನು ಹೇಳುವಾಗ ಅವರ ನಗು ನೋಡಬೇಕಿತ್ತು. ನಿಜವಾಗಿ ತೊಡಕಾದದ್ದು ಮಧ್ಯಾಹ್ನದ್ದು. ಕುದ್ರೋಳಿಯಲ್ಲಿ ಬಸ್ಸು ನಿಲ್ಲುವುದು ನಾಲ್ಕೇ ನಿಮಿಷ. ಮನೆಯ ಗಡಿಯಾರ ಇಟ್ಟುಕೊಂಡು ಅವರು ಉಂಡು ನೋಡಿದ್ದರು. ಮುಳ್ಳಿನ ಮೀನಾದರೆ ಹದಿನೆಂಟು ನಿಮಿಷ, ಮುಳ್ಳಿಲ್ಲದ ಪಲ್ಯ, ಮೊಟ್ಟೆ, ಒಣ ಸೀಗಡಿ ಚಟ್ನಿಯಾದರೆ ಹನ್ನೊಂದು. ಹನ್ನೊಂದು ನಿಮಿಷ ಕೊಡಿ ಎಂದು ಯಜಮಾನರಲ್ಲಿ ಕೇಳಿಕೊಂಡರು. ನಾಲ್ಕರ ಮೇಲೆ ಐದನೆಯದೂ ಇಲ್ಲ ಎಂದು ಏಜೆಂಟ್ ಬಂದು ಹೇಳಿ ಹೋದ.

ಮರುದಿನ ಬಸ್ಸು ತಿರುಗಿ ನಿಂತಿತು. ಕಂಡಕ್ಟರಣ್ಣ ಬಾಟಲಿಯ ನೀರಲ್ಲಿ ಕೈ ತೊಳೆದರು. ಸೀಟಿಯನ್ನು ಶರ್ಟಿನ ಕಿಸೆಗೆ ಹಾಕಿದರು. ಹಿಂದಿನ ಸೀಟಿನಲ್ಲಿ ಕುಳಿತು ಡಬ್ಬಿ ಬಿಚ್ಚಿದರು.

ನಾಲ್ಕು ನಿಮಿಷ ಆಯಿತು. ಐದಾಯಿತು. ಕಂಡಕ್ಟರನ ಸೀಟಿ ಕೇಳದೆ ಡ್ರೈವರ್ ಬಸ್ಸು ಬಿಡುವ ಹಾಗಿಲ್ಲ. ಡ್ರೈವರ್ ಕನ್ನಡಿಯಲ್ಲಿ ನೋಡಿದರು, ಹಾರ್ನ್ ಒತ್ತಿದರು. ಅಷ್ಟರಲ್ಲಿ ಹಿಂದಿನ ಬಸ್ಸು ಬಂದು ನಿಂತು ಕಿರುಚತೊಡಗಿತು. ಅದರ ಕಂಡಕ್ಟರ್ ಇಳಿದು ಓಡಿ ಬಂದು ಕಿಟಕಿ ಬಡಿದ. ಕಂಡಕ್ಟರಣ್ಣ ಬಾಯಲ್ಲಿದ್ದದ್ದನ್ನು ಅಗಿದು ನುಂಗಿ, ಆಮೇಲೆ ಹೇಳಿದರು:

"ಅನ್ನ ಬಾಯಲ್ಲಿಟ್ಟುಕೊಂಡು ಸೀಟಿ ಊದುವುದು ಹೇಗೆ ಮಾರಾಯ? ನೀನು ಊದಿ ತೋರಿಸು, ನಾನು ಈಗಲೇ ಬಿಡ್ತೇನೆ."

ಅವನಿಗೂ ನಗು ಬಂತು. ಪಾಪ, ಅವನದ್ದೂ ಹಸಿದ ಮುಖವೇ.

ನಾಲ್ಕನೆಯ ದಿನ ಏಜೆಂಟ್ ಕೈಗಡಿಯಾರ ನೋಡುತ್ತ ಬಸ್ಸಿನ ಮೆಟ್ಟಿಲ ಮೇಲೇ ನಿಂತ. ಡಬ್ಬಿ ಮುಚ್ಚು, ಇಲ್ಲವಾದರೆ ಬ್ಯಾಗ್ ಕೊಟ್ಟು ಇಳಿ ಎಂದ. ಕಂಡಕ್ಟರಣ್ಣ ಎರಡನ್ನೂ ಮಾಡಲಿಲ್ಲ, ತುತ್ತು ಕಲಸಿದರು. ಆಗ ಏಜೆಂಟ್ ನಮ್ಮ ಕಡೆ ತಿರುಗಿ, ಎಲ್ಲರೂ ಇಳಿದು ಹಿಂದಿನ ಬಸ್ಸಿಗೆ ಹತ್ತಿ ಎಂದ. ಹದಿನಾರೋ ಹದಿನೇಳೋ ಜನ ಇದ್ದೆವು. ಯಾರೂ ಏಳಲಿಲ್ಲ. ಬೆಲ್ಲದ ಕಾಕ ಕಾಲ ಬಳಿಯ ಚೀಲ ಸರಿಮಾಡಿಕೊಂಡರು.

"ನಾನು ಉಂಡು ಬಂದವ. ಅವ ಉಣ್ಣುವ ತನಕ ಕೂತುಕೊಳ್ತೇನೆ. ನಿಮಗೆ ಅರ್ಜೆಂಟ್ ಉಂಟಾದ್ರೆ ನೀವು ಹೋಗಿ, ಆ ಬಸ್ಸಲ್ಲಿ ಸೀಟ್ ಉಂಟು."

ಏಜೆಂಟ್ ನನ್ನ ಮುಖ ನೋಡಿದ. ನನಗೂ ಅವಸರವಿಲ್ಲ ಎಂದೆ. ಅದು ಸುಳ್ಳು. ಪ್ರೆಸ್ಸಿನಲ್ಲಿ ಕಾಯುತ್ತಿದ್ದ ಮದುವೆ ಕಾಗದದ ಪ್ರೂಫ್ ಅಂದು ಸಂಜೆಯೊಳಗೆ ಮುಗಿಯಬೇಕಿತ್ತು. ಆದರೆ ಅಷ್ಟು ಸಂತೋಷದಿಂದ ನಾನು ಜೀವಮಾನದಲ್ಲಿ ಇನ್ನೊಂದು ಸುಳ್ಳು ಹೇಳಿಲ್ಲ.

ಹಿಂದಿನ ಬಸ್ಸು ಖಾಲಿಯಾಗಿಯೇ ನಮ್ಮನ್ನು ದಾಟಿ ಹೋಯಿತು. ಹನ್ನೊಂದನೆಯ ನಿಮಿಷಕ್ಕೆ ಮುಚ್ಚಳ ಬಿತ್ತು, ಸೀಟಿ ಕೇಳಿತು. ವಾರ ಕಳೆಯುವುದರೊಳಗೆ ಎರಡೂ ಬಸ್ಸಿನವರು ತಮ್ಮೊಳಗೇ ಮಾತಾಡಿ, ಆ ಒಂದು ಟ್ರಿಪ್ಪಿನಲ್ಲಿ ಹಿಂದಿನದು ಮುಂದೆ ಹೋಗುವುದು ಎಂದು ಸರಿಮಾಡಿಕೊಂಡರು. ಟೈಮ್ ಕೀಪರನ ಪಟ್ಟಿಯಲ್ಲಿ ಪೆನ್ನಿನಿಂದ ಒಂದು ತಿದ್ದುಪಡಿ ಬಿತ್ತು. ಇಷ್ಟು ವರ್ಷ ತಪ್ಪು ತಿದ್ದಿದವಳು ನಾನು. ಅಷ್ಟು ಸರಿಯಾದ ತಿದ್ದುಪಡಿಯನ್ನು ನಾನೂ ಮಾಡಿದ್ದಿಲ್ಲ.

ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು. ಅಕ್ಕನದು ಊಟ ಆಯ್ತಾ ಎಂದು ದಿನಾ ವಿಚಾರಣೆ. ಆಯ್ತು, ಆಯ್ತು ಎಂದು ತಪ್ಪಿಸಿಕೊಂಡೆ. ಒಂದು ದಿನ, ಆದದ್ದಾದರೆ ಆ ಹೊಟ್ಟೆ ಯಾಕೆ ನಮ್ಮ ಇಂಜಿನಿಗಿಂತ ಜೋರು ಕೂಗ್ತದೆ ಎಂದುಬಿಟ್ಟರು. ಮರುದಿನದಿಂದ ನಾನೂ ಡಬ್ಬಿ ತಂದೆ. ಎದುರಿನ ಸೀಟಿನಲ್ಲಿ ನಾನು, ಹಿಂದಿನ ಸೀಟಿನಲ್ಲಿ ಅವರು, ನಡುವೆ ಖಾಲಿ ಸೀಟುಗಳು. ಹಾಗೆ ಎಷ್ಟು ಊಟ ಜೊತೆಯಲ್ಲಿ ಮಾಡಿದೆವೋ…

ಡಾಕ್ಟರಮ್ಮನ ತಕ್ಕಡಿ ಏನು ಹೇಳಿತೋ ನಾನು ಕೇಳಲಿಲ್ಲ. ನಮ್ಮ ತಕ್ಕಡಿ ಬಸ್ಸಿನ ನಡುದಾರಿಯೇ. ಮಳೆ ಬಿಡುತ್ತ ಬಂದ ಒಂದು ದಿನ ಬಸ್ಸು ಕಿಕ್ಕಿರಿದಿತ್ತು. ಹಿಂದಿನವರಿಗೆ ಕೊಡಲೆಂದು ನಾನು ದುಡ್ಡು ಚಾಚಿದೆ. ಬೆವರಿಳಿಸುತ್ತ, ಯಾರ ಕಾಲನ್ನೂ ತುಳಿಯದೆ, ಕಂಡಕ್ಟರಣ್ಣನೇ ಬಂದು ಅದನ್ನು ತೆಗೆದುಕೊಂಡರು.

"ಎದುರಿನ ತನಕ ಬಂದೆ ಅಕ್ಕ," ಎಂದರು. ಅಷ್ಟೇ.

ಆಮೇಲೆ ಲಾಕ್‌ಡೌನಿಗೆ ಬಸ್ಸುಗಳೆಲ್ಲ ನಿಂತ ಆ ವರ್ಷ ಬಂತು. ನನ್ನ ಪ್ರೂಫ್ ಫೋನಿನಲ್ಲೇ ಮನೆಗೆ ಬರತೊಡಗಿತು. ಒಂದು ಗಂಟೆಯ ಬಸ್ಸು ನನಗೆ ಬೇಡವಾಯಿತು. ಎರಡು ವರ್ಷದ ಹಿಂದೆ ಬೆಲ್ಲದ ಕಾಕ ಮಾರ್ಕೆಟಿನಲ್ಲಿ ಸಿಕ್ಕಿ, ಕಂಡಕ್ಟರಣ್ಣ ಹೋದರಲ್ಲ ಎಂದರು. ಕಾಮಾಲೆಯಂತೆ, ಮೂರೇ ವಾರವಂತೆ. ನಾನು ಹೊಳೆ ದಾಟಿ ಆ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಆ ತಪ್ಪು ನನ್ನದು. ಪಕ್ಕದಲ್ಲಿ ನಿಂತಿದ್ದವರೊಬ್ಬರು, ಅಷ್ಟೆಲ್ಲ ಪಥ್ಯ ಮಾಡಿ ಎಂತ ಸಿಕ್ಕಿತು ಎಂದು ನಿಟ್ಟುಸಿರು ಬಿಟ್ಟರು. ಅದಕ್ಕೆ ಉತ್ತರವನ್ನು ಈಗ ಬರೆಯುತ್ತೇನೆ. ಅವರು ಚಿರಂಜೀವಿಯಾಗಲು ಉಂಡದ್ದಲ್ಲ. ಹಗಲಿನ ಊಟವನ್ನು ಹಗಲಲ್ಲೇ ಉಣ್ಣುವುದು ನನ್ನ ಹಕ್ಕು ಎಂದು ಉಂಡದ್ದು. ಸಿಕ್ಕಿದ್ದು ಅದೇ, ಮತ್ತು ಅದು ಸಣ್ಣದಲ್ಲ.

ನಿನ್ನೆ ಬಲ್ಮಠದಲ್ಲಿ ಏನೋ ಕೆಲಸವಿತ್ತೆಂದು, ಇಷ್ಟು ವರ್ಷದ ಮೇಲೆ ಆ ಬಸ್ಸು ಹತ್ತಿದ್ದೆ. ಹೂವಿನ ಅಮ್ಮ, ಇದು ಯಾಕೆ ಇನ್ನೂ ಬಿಡುವುದಿಲ್ಲ ಎಂದು ಕೇಳಿದರು. ಹಿಂದಿನಿಂದ ಕಂಡಕ್ಟರನ ಉತ್ತರ ಬಂತು.

"ಈ ಟ್ರಿಪ್ಪಿಗೆ ಇಲ್ಲಿ ಹನ್ನೊಂದು ನಿಮಿಷ ಉಂಟು ಅಮ್ಮ. ಮೊದಲಿಂದಲೂ ಹಾಗೆ."

ಆಗ ತಿರುಗಿ ನೋಡಿದೆ. ಮೂವತ್ತರ ಆಸುಪಾಸಿನವರು, ಗುರುತಿಲ್ಲದ ಮುಖ, ತೊಡೆಯ ಮೇಲೆ ಡಬ್ಬಿ.

"ಮೊದಲಿಂದ ಅಲ್ಲ," ಎಂದೆ.

ಅವರು ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ಮುಗಿಸಿದರು. ಡಬ್ಬಿ ಮುಚ್ಚಿ, ಕಿಟಕಿಯ ಹೊರಗೆ ಕೈ ತೊಳೆದು, ಸೀಟಿ ಊದಿದರು. ಬಸ್ಸು ಹೊರಟ ಮೇಲೆ ಎದುರಿನ ತನಕ ಬಂದು ನನ್ನ ಸೀಟಿನ ಕಂಬಿ ಹಿಡಿದು ನಿಂತರು. ಬಲ್ಮಠ ಬರುವ ತನಕ ನಾನು ಹೇಳಿದೆ, ಅವರು ಕೇಳಿದರು.