ಗೋಡೆಗೆಂದು ತೆಗೆಸಿದ ಫೋಟೊ

ಕಾರ್ಕಳದ ದೊಡ್ಡಮ್ಮ ತೀರಿಕೊಂಡಾಗ ಮನೆಯಲ್ಲಿ ಅವರದೊಂದು ಸರಿಯಾದ ಫೋಟೊ ಇರಲಿಲ್ಲ. ಯಾರದೋ ಮದುವೆಯ ಗುಂಪಿನಿಂದ ಮುಖವನ್ನು ಕತ್ತರಿಸಿ, ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ಪಕ್ಕದವಳ ಹೆಗಲು ಹಾಗೇ ಉಳಿದಿತ್ತು. ಉತ್ತರಕ್ರಿಯೆಯ ಊಟ ಮುಗಿಸಿ ಕಲ್ಯಾಣಪುರಕ್ಕೆ ಮರಳುವಾಗ ಬಸ್ಸಿನಲ್ಲಿ ಅಮ್ಮ ನನಗೂ ತಮ್ಮನಿಗೂ ಹೇಳಿದಳು: "ನನ್ನದೊಂದು ಈಗಲೇ ತೆಗೆದಿಡಿ. ನಾಳೆ ಗೋಡೆಗೆ ಹಾಕ್ಲಿಕ್ಕೆ ಬೇಕಲ್ವಾ? ಬೇರೆಯವರ ಹೆಗಲು ನನಗೆ ಬೇಡ."

ಇಬ್ಬರಿಗೆ ಯಾಕೆ ಹೇಳಬೇಕು? ಮನೆಯಲ್ಲಿ ಫೋಟೊ ತೆಗೆಯಲು ಬರುತ್ತಿದ್ದವನು ನಾನು. ಮಣಿಪಾಲದ ಆಫೀಸು ಬಿಟ್ಟೊಡನೆ ಕಾಪುವಿಗೆ ಓಡಿ, ದೀಪಸ್ತಂಭದ ಎದುರು ಸಂಜೆಗಟ್ಟಲೆ ನಿಂತು, ಕ್ಯಾಮೆರಾದಲ್ಲಿ ಎಲ್ಲವನ್ನೂ ಕೈಯಾರೆ ಹೊಂದಿಸುವ ಮ್ಯಾನುವಲ್ ಕಲಿತವನು. ಬೆಳಕನ್ನು ಯಂತ್ರ ಅಳೆದರೆ ಅದೆಂಥ ಫೋಟೊ ಎನ್ನುತ್ತಿದ್ದೆ. ದುಬೈಯಿಂದ ರಜೆಗೆ ಬಂದಿದ್ದ ತಮ್ಮನ ಬಳಿ ಅಂಗಿಯ ಕಿಸೆಗೆ ಹೋಗುವ ಡಿಜಿಟಲ್ ಕ್ಯಾಮೆರಾ ಇತ್ತು. ಎಲ್ಲವನ್ನೂ ಅದೇ ಹೊಂದಿಸಿಕೊಳ್ಳುವ ಆಟೋ ಮೋಡ್‌ನಲ್ಲಿಟ್ಟು ಗುಂಡಿ ಒತ್ತುವುದು, ಅಷ್ಟೇ. ಅದು ತಾನಾಗಿ ಮುಖ ಹುಡುಕಿ ಸುತ್ತ ಒಂದು ಚೌಕ ಹಾಕುತ್ತಿತ್ತು. "ಇದಕ್ಕೆ ನನ್ನ ಗುರ್ತ ಉಂಟು ನೋಡು" ಎಂದು ಅಮ್ಮನಿಗೆ ಖುಷಿಯೋ ಖುಷಿ. ಆಸ್ಪತ್ರೆಗೆ, ಸಂತೆಕಟ್ಟೆಯ ಪೇಟೆಗೆ ಅವಳನ್ನು ಕರೆದೊಯ್ಯುತ್ತಿದ್ದವನು ನಾನು. ಮನೆಯಲ್ಲಿ ಬಂಗುಡೆ ಮೀನಿನ ಪುಳಿಮುಂಚಿ ಆಗುತ್ತಿದ್ದದ್ದು ಅವನು ಬಂದಾಗ. ಹಿತ್ತಲ ಗಿಡ ಮದ್ದಲ್ಲ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಭಾನುವಾರ ಬೆಳಿಗ್ಗೆ ಚಾವಡಿಯ ಬಾಗಿಲ ಬಳಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆ. ಬೆಳಕು ಹೊಂದಿಸುವಷ್ಟರಲ್ಲಿ ಮೋಡ ಬಂತು. ಮತ್ತೆ ಹೊಂದಿಸಿದೆ, ಮೋಡ ಸರಿಯಿತು. ಗಲ್ಲ ಎತ್ತು, ಅಲ್ಲಾಡಬೇಡ ಎಂದು ಗದರಿದೆ. ಒಂದಷ್ಟು ತೆಗೆದೆ. ಇನ್ನೊಂದಕ್ಕೆ ಕ್ಯಾಮೆರಾದ ಚಕ್ರ ತಿರುಗಿಸುತ್ತಿದ್ದಾಗ ಅವಳ ತಾಳ್ಮೆ ಮುಗಿಯಿತು.

"ಎಂತ ಮಾರಾಯ, ನೀನು ಫೋಟೊ ತೆಗೆಯುವುದಾ, ಹಲ್ಲು ಕೀಳುವುದಾ?" ಎಂದು ನನ್ನನ್ನೇ ನೋಡಿ ಬಾಯಿತುಂಬ ನಕ್ಕಳು.

ನಾನು ಒತ್ತಲಿಲ್ಲ, ಬೆಳಕು ಇನ್ನೂ ಸರಿಹೋಗಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ತಮ್ಮ ಒತ್ತಿದ.

ಉಡುಪಿಯಲ್ಲಿ ಎರಡನ್ನೂ ಪ್ರಿಂಟ್ ಹಾಕಿಸಿ ತಂದೆವು. ನನ್ನದರಲ್ಲಿ ಸೀರೆಯ ಅಂಚಿನ ಎಳೆ ಎಳೆಯೂ ಕಾಣುತ್ತಿತ್ತು. ಅಮ್ಮ ಅದನ್ನು ದೂರ ಹಿಡಿದು ನೋಡಿದಳು. "ಒಳ್ಳೆದುಂಟು. ಆದರೆ ಇದು ಸತ್ತ ಮೇಲೆ ತೆಗೆದ ಹಾಗೆ ಉಂಟು" ಎಂದವಳೇ ತಮ್ಮನದಕ್ಕೆ ಕಟ್ಟು ಹಾಕಿಸಲು ನನ್ನನ್ನೇ ಕಳುಹಿಸಿದಳು.

ಆಮೇಲೆ ನಾನೂ ಅರ್ಧ ಕೆಲಸ ಕ್ಯಾಮೆರಾಕ್ಕೇ ಬಿಟ್ಟುಕೊಟ್ಟೆ. ಹಿನ್ನೆಲೆ ಎಷ್ಟು ಮಸುಕಾಗಬೇಕೆಂಬುದು ನನ್ನ ಪಾಲು, ಬೆಳಕಿನ ಲೆಕ್ಕ ಯಂತ್ರದ ಪಾಲು. ನಗುವವರು ಕಾಯುವುದಿಲ್ಲವಲ್ಲ. ಹೀಗೆ ಕ್ಯಾಮೆರಾದ ಜೊತೆ ರಾಜಿಯಾಯಿತು. ತಮ್ಮನ ಜೊತೆ ಆಗಲಿಲ್ಲ.

ಈಗ ಅಮ್ಮ ಇಲ್ಲ. ಆ ಫೋಟೊ ಚಾವಡಿಯ ಗೋಡೆಯಲ್ಲಿದೆ. ಬಂದವರೆಲ್ಲ "ಎಷ್ಟು ಚಂದ! ಸಣ್ಣವನು ತೆಗೆದದ್ದಲ್ವಾ?" ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ, ಪ್ರತಿ ಸಲವೂ.

ಕಳೆದ ರಜೆಯಲ್ಲಿ ಬಂದ ತಮ್ಮ ಅದರೆದುರು ತುಂಬ ಹೊತ್ತು ನಿಂತಿದ್ದ.

"ಅಣ್ಣ, ಅಮ್ಮ ಸ್ವಲ್ಪ ಆಚೆ ನೋಡ್ತಾ ಇದ್ದಾಳೆ ಅಲ್ವಾ? ನನ್ನ ಕಡೆ ನೋಡಿದ್ದರೆ ಇನ್ನೂ ಲಾಯ್ಕ ಆಗ್ತಿತ್ತು."

"ಇರ್ಲಿ ಬಿಡು" ಎಂದೆ.

ಅವಳು ನೋಡುತ್ತಿರುವ ಕಡೆ ಯಾರು ನಿಂತಿದ್ದರೆಂದು ಅವನಿಗೆ ಮರೆತುಹೋಗಿದೆ. ನಾನು ನೆನಪಿಸಲಿಲ್ಲ. ಫೋಟೊ ಅವನದೇ ಇರಲಿ, ಆ ನೋಟ ಮಾತ್ರ ನನ್ನದು.