ಟೆಕ್ನಿಷಿಯನ್ ಎಂದರೆ ಎಂತ?

ಟೆಕ್ನಿಷಿಯನ್ ಎಂಬ ಶಬ್ದದ ಸರಿಯಾದ ಅರ್ಥ ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳಿಕೊಳ್ಳಲು ಸಂಕೋಚವೇ. ಏಕೆಂದರೆ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ನಿವೃತ್ತನಾಗುವವರೆಗೂ ನಾನು ಸಂಬಳ ತೆಗೆದುಕೊಂಡದ್ದು ಅದೇ ಶಬ್ದದ ಹೆಸರಿನಲ್ಲಿ. ನಾನು ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದೆ. ಮದುವೆಯೂ ಅದೇ ಶಬ್ದದ ದೆಸೆಯಿಂದ ತಪ್ಪಿಹೋಗುವುದರಲ್ಲಿತ್ತು.

ಎಪ್ಪತ್ತರ ದಶಕದ ಕೊನೆಗೆ ಕೆಲಸ ಸಿಕ್ಕಿದಾಗ ಕಾಪುವಿನ ನಮ್ಮ ಮನೆಯಲ್ಲಿ ಅದರ ಅರ್ಥ ವಿವರಿಸಬೇಕಾಗಿ ಬಂತು. ನಿಘಂಟು ತೆಗೆದು 'ತಂತ್ರಜ್ಞ' ಎಂದು ಓದಿದೆ. ಅಮ್ಮ ಗಾಬರಿಯಾದಳು. ನಮ್ಮ ಕಡೆ ತಂತ್ರ ತಿಳಿದವರೆಂದರೆ ಒಂದೋ ದೇವಸ್ಥಾನದ ತಂತ್ರಿಗಳು, ಇಲ್ಲವೇ ಕೋರ್ಟು ಕಚೇರಿ ಅಲೆಯುವ ಆಸಾಮಿಗಳು. ಮಗ ಯಾವ ಕಡೆಗೆ ಹೋದನೋ ಎಂದು ಅವಳ ಚಿಂತೆ. 'ಕುಶಲಕರ್ಮಿ' ಎಂದು ಇನ್ನೊಂದು ಅರ್ಥ ಇತ್ತು. ಅದು ಗಂಧದ ಮರದಲ್ಲಿ ಆನೆ ಕೆತ್ತುವವರಿಗೆ ಒಪ್ಪುತ್ತದೆ, ನನಗಲ್ಲ. ಗ್ರೀಕ್ ಮೂಲಕ್ಕೆ ಹೋದರೆ ಅಲ್ಲಿ ಅದಕ್ಕೆ ಕಲೆ ಎಂಬ ಅರ್ಥವೂ ಇದೆಯಂತೆ. ನನ್ನ ಕಲೆ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದು ಒಣಗಿಸಿದ ಮೇಲೆ ಕಾಣಿಸುತ್ತಿತ್ತು, ಕಂಡರೂ ಜನ ಹೊಗಳುತ್ತಿದ್ದದ್ದು ಡಾಕ್ಟರನ್ನು.

ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿದವರೆಲ್ಲ ಡಾಕ್ಟರೇ. ಮೊದಮೊದಲು ನಾನು ಪ್ರಾಮಾಣಿಕನಾಗಿ ತಿದ್ದುತ್ತಿದ್ದೆ. ಮಲ್ಪೆಯ ಮೀನು ಮಾರುವ ಅಜ್ಜಿಯೊಬ್ಬರಿಗೆ, "ನಾನು ಡಾಕ್ಟರಲ್ಲಮ್ಮ, ಟೆಕ್ನಿಷಿಯನ್" ಎಂದೆ. ಅವರು ಸಮಾಧಾನ ಹೇಳುವ ಧ್ವನಿಯಲ್ಲಿ, "ಆಗಲಿ ಡಾಕ್ಟ್ರೇ, ಎಂತ ತೊಂದರೆ ಇಲ್ಲ" ಎಂದರು. ಆಮೇಲೆ ತಿದ್ದುವುದನ್ನು ಬಿಟ್ಟೆ. ಅತ್ತ ಎಂಜಿನಿಯರಿಂಗ್ ಕಲಿಯುವ ಹುಡುಗರನ್ನು ಯಾರಾದರೂ ಟೆಕ್ನಿಷಿಯನ್ ಎಂದರೆ ಅವರಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಒಂದೇ ಊರಿನಲ್ಲಿ ಒಂದೇ ಶಬ್ದ ಒಬ್ಬರಿಗೆ ಕಮ್ಮಿ, ಇನ್ನೊಬ್ಬರಿಗೆ ಗೊತ್ತೇ ಇಲ್ಲ.

ಆ ಶಬ್ದಕ್ಕೆ ನಿಜವಾದ ಬೆಲೆ ತಂದುಕೊಟ್ಟದ್ದು ಗಲ್ಫ್. ನನ್ನ ಸಹಪಾಠಿ ಅಬ್ದುಲ್ಲ ಕಾಪುವಿನಲ್ಲಿ ತಂದೆಯ ಬಟ್ಟೆ ಅಂಗಡಿಯಲ್ಲಿ ಕೂತಿದ್ದವನು, ದುಬೈಗೆ ಹೋಗಿ ಟೆಕ್ನಿಷಿಯನ್ ಆಗಿ ರಜೆಯಲ್ಲಿ ಬಂದ. ಅದು ಹೇಗೆ ಎಂದು ಕೇಳಿದರೆ ನಕ್ಕ. "ಅಲ್ಲಿ ಸುತ್ತಿಗೆ ಹಿಡಿದವನೂ ಟೆಕ್ನಿಷಿಯನ್, ಸುತ್ತಿಗೆ ಎಲ್ಲಿ ಉಂಟು ಅಂತ ಗೊತ್ತಿದ್ದವನೂ ಟೆಕ್ನಿಷಿಯನ್ ಮಾರಾಯ." ಹೀಗೆ ಎಂಬತ್ತರ ದಶಕ ಬರುವಷ್ಟರಲ್ಲಿ ನಮ್ಮ ಕಡೆಯ ಮದುವೆ ಮಾತುಕತೆಗಳಲ್ಲಿ ಹುಡುಗ ಟೆಕ್ನಿಷಿಯನ್ ಎಂದರೆ ಕೆಟ್ಟದ್ದನ್ನೆಲ್ಲ ಸರಿಮಾಡುವವನು ಎಂದೇ ಅರ್ಥವಾಗಿತ್ತು. ಫ್ಯಾನು, ಪಂಪು, ಮಿಕ್ಸಿ, ಯಾವುದಾದರೂ ಸರಿ.

ಕಾರ್ಕಳದ ಸಂಬಂಧ ತಂದವರು ನನ್ನ ಸೋದರಮಾವ ವಾಸುಮಾವ. ಅವರು ಟೆಕ್ನಿಷಿಯನ್ ಎಂಬ ಶಬ್ದವನ್ನು ಮಾತ್ರ ಅಲ್ಲಿಗೆ ಮುಟ್ಟಿಸಿ, ಅದರ ಮೊದಲಿದ್ದ ಎಕ್ಸ್‌ರೇಯನ್ನು ಉಡುಪಿಯ ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟಿದ್ದರು. ಹುಡುಗಿಯ ಭಾವಚಿತ್ರ ನಾನು ನೋಡಿದ್ದೆ. ಒಂದು ಸಲವಲ್ಲ, ಹಲವು ಸಲ. ಈ ಸಂಬಂಧ ಆಗಲೇಬೇಕು ಎಂದು ಒಳಗೊಳಗೇ ಹಟ ಹಿಡಿದಿದ್ದೆ. ಅದೇ ಮನೆಗೆ ಗಲ್ಫಿನ ಎ.ಸಿ. ಟೆಕ್ನಿಷಿಯನ್ ಒಬ್ಬನ ಕಡೆಯಿಂದಲೂ ಮಾತು ಬಂದಿದೆ ಎಂದು ಬಸ್ಸಿನಲ್ಲಿ ವಾಸುಮಾವ ಹೇಳಿದಾಗ ಕಿಸೆಯಿಂದ ಭಾವಚಿತ್ರ ತೆಗೆದು ಇನ್ನೊಮ್ಮೆ ನೋಡಿದೆ.

ಹುಡುಗಿಯ ತಂದೆ ನಿವೃತ್ತ ಕನ್ನಡ ಮಾಸ್ತರರು. ತುಳು ಮನೆಯಾದರೂ ಹೊಸಬರೊಡನೆ ಮೊದಮೊದಲು ಅವರದ್ದು ಗ್ರಂಥಸ್ಥ ಕನ್ನಡ. ಗೋಳಿಬಜೆ, ಚಹಾ ಬಂತು. ಹುಡುಗಿ, ಸುಮತಿ, ತಟ್ಟೆ ಇಟ್ಟು, ಒಂದು ಕ್ಷಣ ನಿಂತು, ಪರದೆಯ ಹಿಂದೆ ಹೋದಳು. ಆಗ ಮಾಸ್ತರರು ಮೂಲೆಯಿಂದ ಒಂದು ರೇಡಿಯೋ ತಂದು ನನ್ನ ಮುಂದಿಟ್ಟರು, ಜೊತೆಗೆ ಸ್ಕ್ರೂಡ್ರೈವರ್.

"ಕಳೆದ ಮಳೆಗಾಲದಿಂದ ಇದು ಮೌನ ಹಿಡಿದಿದೆ. ನೀವು ಟೆಕ್ನಿಷಿಯನ್ ಅಲ್ಲವೇ, ಒಮ್ಮೆ ನೋಡುತ್ತೀರಾ?"

ವಾಸುಮಾವ ನನ್ನ ಕಾಲು ತುಳಿದರು. ಏನಾದರೊಂದು ತಿರುಗಿಸು ಎಂದು ಅದರ ಅರ್ಥ. ನಾನು ರೇಡಿಯೋವನ್ನು ಎರಡೂ ಕೈಯಲ್ಲಿ ಹಿಡಿದು, ಅಭ್ಯಾಸಬಲದಿಂದ ಅದರ ಮಗ್ಗುಲು ತಿರುಗಿಸಿ, ಬೆಳಕಿಗೆ ಎತ್ತಿ ನೋಡಿದೆ. ಏನೂ ಕಾಣಲಿಲ್ಲ. ಕೆಳಗಿಟ್ಟು, "ನನಗೆ ಇದು ಬರುವುದಿಲ್ಲ. ನಾನು ಮನುಷ್ಯರ ಎಲುಬಿನ ಚಿತ್ರ ತೆಗೆಯುವವನು" ಎಂದೆ. ಬೇರೆ ದಾರಿಯೇ ಇರಲಿಲ್ಲ.

"ಎಲುಬು ಸರಿಮಾಡುವವರು?"

"ಡಾಕ್ಟರು."

"ಒತ್ತಿದರೆ ಚಿತ್ರ ತೆಗೆಯುವುದು?"

"ಯಂತ್ರ."

"ಹಾಗಾದರೆ ನೀವು ಮಾಡುವುದು ಎಂತ?"

ಕೇಳಿದ್ದರಲ್ಲಿ ಕುಹಕವಿರಲಿಲ್ಲ, ತರಗತಿಯಲ್ಲಿ ಉತ್ತರಕ್ಕಾಗಿ ಕಾಯುವ ಧ್ವನಿ ಅದು. ಸಂಬಂಧ ಕೈತಪ್ಪಿತು ಎಂದುಕೊಂಡೆ. ನಿಜ ಹೇಳುವುದಾದರೆ ನನಗೆ ಬಹಳ ದುಃಖವಾಯಿತು. "ಜನರನ್ನು ಸರಿಯಾಗಿ ನಿಲ್ಲಿಸಿ, ಉಸಿರು ಹಿಡಿದುಕೊಳ್ಳಿ ಎನ್ನುವುದು" ಎಂದೆ.

"ಅದು ಹೇಗೆ? ತೋರಿಸಿ ನೋಡುವ."

ಮಾಸ್ತರರನ್ನು ಜಗಲಿಯ ಗೋಡೆಗೆ ಎದೆ ತಾಗಿಸಿ ನಿಲ್ಲಿಸಿದೆ. ಗದ್ದ ಮೇಲೆ, ಕೈ ಸೊಂಟಕ್ಕೆ, ಭುಜ ಮುಂದಕ್ಕೆ. ಒಳ್ಳೆಯ ವಿದ್ಯಾರ್ಥಿ. "ಉಸಿರು ಎಳೆಯಿರಿ. ಹಿಡಿದುಕೊಳ್ಳಿ. ಅಲುಗಾಡಬೇಡಿ." ಅವರು ಹಿಡಿದರು. ನೋಡುತ್ತಿದ್ದ ವಾಸುಮಾವನೂ ಹಿಡಿದರು.

ನಾನು ಕಾಯುತ್ತ ನಿಂತೆ. ಆಸ್ಪತ್ರೆಯಲ್ಲಿ ಇದಾದ ಮೇಲೆ ಯಂತ್ರ ಒಂದು ಸದ್ದು ಮಾಡುತ್ತದೆ. ಆ ಸದ್ದು ಕೇಳಿದ ಮೇಲೆಯೇ ನನ್ನ ಬಾಯಿಂದ ಮುಂದಿನ ಮಾತು ಬರುವುದು. ಕಾರ್ಕಳದ ಜಗಲಿಯಲ್ಲಿ ಯಂತ್ರ ಎಲ್ಲಿಂದ ಬರಬೇಕು? ಸದ್ದೂ ಆಗಲಿಲ್ಲ, ನನಗೆ ಮಾತೂ ಬರಲಿಲ್ಲ. ಮಾಸ್ತರರು ಗೋಡೆಗೆ ಅಂಟಿಕೊಂಡೇ ಇದ್ದರು.

ಆಗ ಪರದೆಯ ಹಿಂದಿನಿಂದ ಧ್ವನಿ ಬಂತು. "ಇನ್ನು ಬಿಡಲಿಕ್ಕೆ ಹೇಳಿ ಮಾರಾಯ್ರೆ, ಅಪ್ಪನ ಕಿವಿ ಕೆಂಪಾಯಿತು."

"ಉಸಿರು ಬಿಡಿ" ಎಂದೆ. ಇಬ್ಬರು ಹಿರಿಯರೂ ಒಟ್ಟಿಗೆ ಉಸಿರು ಬಿಟ್ಟರು. ಮಾಸ್ತರರು ಗೋಡೆ ಹಿಡಿದುಕೊಂಡೇ ನಗತೊಡಗಿದರು. ಪರದೆ ಅಲುಗುತ್ತಿತ್ತು, ಅದರ ಹಿಂದೆಯೂ ನಗು ತಡೆಯುತ್ತಿರಲಿಲ್ಲ.

ಅದೇ ವಾರ ಒಪ್ಪಿಗೆ ಬಂತು. ಮಾಸ್ತರರ ಕಾರಣ ವಾಸುಮಾವನ ಮೂಲಕ ತಿಳಿಯಿತು: ಆ ರೇಡಿಯೋವನ್ನು ಅದುವರೆಗೆ ಕೈಗೆತ್ತಿಕೊಂಡವರೆಲ್ಲ ಗೊತ್ತುಂಟು ಎಂದು ಬಿಚ್ಚಿ ಇನ್ನಷ್ಟು ಹಾಳು ಮಾಡಿದವರೇ, ಬಿಚ್ಚದೆ ಕೆಳಗಿಟ್ಟವರು ಇವರೊಬ್ಬರು. ಸುಮತಿಯ ಕಾರಣ ತಿಳಿಯಲು ನಾನು ಬಹಳ ವರ್ಷ ಕಾಯಬೇಕಾಯಿತು. ಗಲ್ಫಿನವನನ್ನು ಬಿಟ್ಟು ನನ್ನನ್ನು ಯಾಕೆ ಒಪ್ಪಿದೆ ಎಂದು ಒಮ್ಮೆ ಕೇಳಿದಾಗ ಅವಳು ಕೊತ್ತಂಬರಿ ಸೋಸುತ್ತ ಹೇಳಿದಳು:

"ಅವನಿಗೆ ಎಲ್ಲ ಬರುತ್ತಿತ್ತು. ನಿಮಗೆ ಯಂತ್ರ ಇಲ್ಲದ ಕಡೆ ಹೇಳಿಕೊಡುವವರು ಒಬ್ಬರು ಬೇಕಿತ್ತಲ್ಲ."

ಆ ರೇಡಿಯೋ ಈಗ ನಮ್ಮ ಮನೆಯಲ್ಲುಂಟು, ಮೌನ ಇನ್ನೂ ಮುರಿದಿಲ್ಲ. ಟೆಕ್ನಿಷಿಯನ್ ಎಂದರೆ ಎಂತ ಎಂದು ಯಾರಾದರೂ ಕೇಳಿದರೆ ನಾನು ನಿಘಂಟಿಗೆ ಕೈ ಹಾಕುವುದಿಲ್ಲ. ಸುಮ್ಮನೆ ಅಡಿಗೆಮನೆಯಲ್ಲಿರುವ ಸುಮತಿಯ ಕಡೆ ನೋಡುತ್ತೇನೆ, ಸದ್ದು ಬರಲಿ ಎಂದು.